ನಾಟಕ ವಿಮರ್ಶೆ ಬರೆಯುವುದು ಹೇಗೆ?

ಕಲಬುರಗಿಯ ಎಸ್.ಎಂ. ಪಂಡಿತ ರಂಗಮಂದಿರದಲ್ಲಿ ನಾಟಕ ಮುಗಿದ ಎರಡು ದಿನಕ್ಕೆ ಬರುವ ಬರಹದಲ್ಲಿ ಮುಕ್ಕಾಲು ಪಾಲು ಕಥೆ, ಆಮೇಲೆ ಕಲಾವಿದರ ಪಟ್ಟಿ, ಕೊನೆಗೆ ‘ಪ್ರೇಕ್ಷಕರ ಮನಗೆದ್ದರು’ ಎಂಬ ಮಾತು. ತಿಂಗಳುಗಟ್ಟಲೆ ತಾಲೀಮು ನಡೆಸಿದ ತಂಡಕ್ಕೆ ಇದಕ್ಕಿಂತ ಹೆಚ್ಚಿನದು ಸಲ್ಲಬೇಕು.

ಮೊದಲು ಪಠ್ಯ ಓದಿಕೊಳ್ಳಿ. ‘ತಲೆದಂಡ’ ನೋಡಲು ಹೊರಟಿದ್ದೀರಿ ಎನ್ನಿ. ಅಯೋಧ್ಯೆಯ ಮಂದಿರ, ಮೀಸಲಾತಿಯ ಮಂಡಲ್ ಚಳವಳಿಗಳು ತಲೆಯೆತ್ತುತ್ತಿದ್ದ 1989ರಲ್ಲಿ ಗಿರೀಶ ಕಾರ್ನಾಡರು ಬರೆದ ನಾಟಕವಿದು. ಬಸವಣ್ಣ, ದೊರೆ ಬಿಜ್ಜಳ, ಸಮಗಾರ ಹರಳಯ್ಯ–ಬ್ರಾಹ್ಮಣ ಮಧುವರಸರ ಮಕ್ಕಳ ಮದುವೆ ಇವೆಲ್ಲ ಬಸವಕಲ್ಯಾಣದ ಆಸುಪಾಸಿನ ಓದುಗರಿಗೆ ಗೊತ್ತಿರುವುದೇ. ಕಥೆಗೆ ಎರಡು ವಾಕ್ಯ ಸಾಕು. ನಿರ್ದೇಶಕರು ಯಾವ ದೃಶ್ಯ ಕೈಬಿಟ್ಟರು, ಯಾವುದನ್ನು ಹಿಗ್ಗಿಸಿದರು, ಅದರಿಂದ ನಾಟಕ ಎತ್ತ ವಾಲಿತು ಎನ್ನುವುದಕ್ಕೆ ಜಾಗ ಉಳಿಸಿಕೊಳ್ಳಿ.

ನೋಡುವಾಗ ಪುಟ್ಟ ಪುಸ್ತಕದಲ್ಲಿ ಒಂದೆರಡು ಪದ ಗೀಚಿಕೊಂಡರೆ ಸಾಕು. ಮೊಬೈಲ್ ಬೇಡವೇ ಬೇಡ. ಅದರ ಬೆಳಕು ನಟರ ಕಣ್ಣಿಗೂ ಕುಕ್ಕುತ್ತದೆ.

ಬರೆಯಲು ಕುಳಿತಾಗ ಹೊಗಳಿಕೆಯ ಸಿದ್ಧ ಪದಗಳನ್ನು ದೂರವಿಡಿ. ‘ಬಿಜ್ಜಳನ ಅಭಿನಯ ಮನೋಜ್ಞವಾಗಿತ್ತು’ ಎಂದರೆ ಓದುಗರಿಗೆ ಏನೂ ಕಾಣುವುದಿಲ್ಲ. ‘ಆಜ್ಞೆ ಕೊಡುವಾಗಲೆಲ್ಲ ಪೀಠದ ಅಂಚು ತಟ್ಟುತ್ತಿದ್ದ ಬಿಜ್ಜಳನ ಬೆರಳು ಮಗನ ಹೆಸರು ಕಿವಿಗೆ ಬಿದ್ದೊಡನೆ ನಿಂತಿತು, ಅಲ್ಲಿಂದ ದೊರೆ ಹಿಂದೆ ಸರಿದು ತಂದೆ ಮಾತನಾಡಿದ’ ಎಂದು ಬರೆದರೆ, ನಾಟಕ ನೋಡದವರಿಗೂ ನಟನ ಕೆಲಸ ಕಾಣುತ್ತದೆ. ನಿಮ್ಮ ತೀರ್ಪು ಅದರ ಬೆನ್ನಿಗೇ ಬರಲಿ. ಬೆಳಕು, ಸಂಗೀತ, ರಂಗಸಜ್ಜಿಕೆಗೂ ಇದೇ ಕ್ರಮ. ಹೇಳುವಂಥದ್ದು ಇಲ್ಲದಿದ್ದರೆ ಬಿಟ್ಟುಬಿಡಿ, ಎಲ್ಲಕ್ಕೂ ಒಂದೊಂದು ವಾಕ್ಯ ಹಂಚಬೇಕಿಲ್ಲ.

ಭಾಷೆಗೆ ಮಾತ್ರ ನಮ್ಮ ಭಾಗದಲ್ಲಿ ವಿಶೇಷವಾಗಿ ಕಿವಿಗೊಡಬೇಕು. ಉರ್ದು ಬೆರೆತ ಇಲ್ಲಿನ ಕನ್ನಡವನ್ನು ಆಳುಗಳ ಬಾಯಿಗಷ್ಟೇ ಇಟ್ಟು ನಗೆ ಗಿಟ್ಟಿಸಿದ್ದರೆ ಅದನ್ನು ಎತ್ತಿ ಹೇಳಿ. ಈ ಮಾತಿನಲ್ಲಿ ಸಿಟ್ಟೂ ಇದೆ, ಸಂಕಟವೂ ಇದೆ. ರಂಗದ ಮೇಲೆ ಅದಕ್ಕೆ ಪೂರ್ತಿ ಬಾಳು ಸಿಗಬೇಕು.

ಎಲ್ಲ ನಾಟಕಕ್ಕೂ ಒಂದೇ ಅಳತೆಗೋಲು ಹಿಡಿಯಬೇಡಿ. ಶರಣಬಸವೇಶ್ವರ ಜಾತ್ರೆಗೆ ಬೀಡುಬಿಡುವ ನಾಟಕ ಕಂಪನಿಯ ಹಾಸ್ಯನಟ, ಪ್ರೇಕ್ಷಕರ ಕೂಗಿಗೆ ನಿಂತಲ್ಲೇ ಮಾತು ಕಟ್ಟಿ ಉತ್ತರಿಸುತ್ತಾನೆ. ಸರ್ಕಾರಿ ರಂಗಸಂಸ್ಥೆ ರಂಗಾಯಣದ ಪ್ರಯೋಗದಲ್ಲಿ ಅದು ಶಿಸ್ತು ತಪ್ಪಿದಂತೆ ಕಂಡೀತು. ಕಂಪನಿ ನಾಟಕದಲ್ಲಿ ಅದೇ ಕಸುಬುಗಾರಿಕೆ.

ಊರಿನಲ್ಲಿ ಎಲ್ಲರೂ ಪರಿಚಿತರು, ನಿರ್ದೇಶಕರು ನಾಳೆ ಎದುರಿಗೆ ಸಿಗುತ್ತಾರೆ. ಆದರೂ ಕೊರತೆ ಹೇಳಲು ಹಿಂಜರಿಯಬೇಡಿ. ಹಿಂದಿನ ಸಾಲಿಗೆ ಮಾತು ಕೇಳಿಸದಿದ್ದರೆ ಯಾವ ದೃಶ್ಯದಲ್ಲಿ, ನಟರು ಬೆನ್ನು ತಿರುಗಿಸಿದ್ದಕ್ಕೋ ಹಾರ್ಮೋನಿಯಂ ಜೋರಾದದ್ದಕ್ಕೋ ಎಂದು ಖಚಿತವಾಗಿ ಬರೆಯಿರಿ. ಮುಂದಿನ ಪ್ರದರ್ಶನದೊಳಗೆ ತಂಡ ಅದನ್ನು ತಿದ್ದಿಕೊಳ್ಳಬಹುದು.