ಸ್ವಂತ ಕ್ಲೌಡ್, ಬಾಡಿಗೆ ಕ್ಲೌಡ್: ಎರಡೂ ಇಟ್ಟುಕೊಂಡೇ ಅಲೆಗಳ ಲೆಕ್ಕ ಮುಗಿಸಿದೆವು

ಉಳ್ಳಾಲದಿಂದ ಮರವಂತೆವರೆಗಿನ ಕರಾವಳಿಗೆ ಮಳೆಗಾಲದ ಅಲೆಗಳನ್ನು ಸ್ವಾನ್ ಮಾಡೆಲ್‌ನಲ್ಲಿ (ಗಾಳಿಯಿಂದ ಏಳುವ ಅಲೆಗಳ ಲೆಕ್ಕ ಹಾಕುವ ಪ್ರೋಗ್ರಾಂ) ಓಡಿಸುವುದು ನಮ್ಮ ಉಡುಪಿ ಲ್ಯಾಬಿನ ಕೆಲಸ. ಅದಕ್ಕೆ ಬೇಕಾದ ಕಂಪ್ಯೂಟರ್‌ಗಳನ್ನು ಪೂರ್ತಿ ಸ್ವಂತದ್ದು ಮಾಡಿ, ಇಲ್ಲವೇ ಕ್ಲೌಡ್ ಕಂಪನಿಯಿಂದ ಇಂಟರ್‌ನೆಟ್ ಮೂಲಕ ಪೂರ್ತಿ ಬಾಡಿಗೆಗೆ ತೆಗೆದುಕೊಳ್ಳಿ, ಎರಡು ದೋಣಿಯಲ್ಲಿ ಕಾಲಿಡಬೇಡಿ ಅಂತ ಎಲ್ಲರೂ ಹೇಳಿದರು. ಈ ಸಲದ ಲೆಕ್ಕ ಎರಡು ದೋಣಿಯಲ್ಲೇ ದಡ ಸೇರಿತು!

ಮೊದಲು ಬಾಡಿಗೆಯದ್ದು. 64 ವಿಸಿಪಿಯು (ಕ್ಲೌಡ್‌ನವರು ಎಣಿಸಿ ಕೊಡುವ ಪ್ರೊಸೆಸರ್ ಪಾಲು) ಅಂದರೆ ಇಂಟೆಲ್ ಯಂತ್ರದಲ್ಲಿ ಸಾಮಾನ್ಯವಾಗಿ 32 ಕೋರ್, ನಿಜವಾಗಿ ಲೆಕ್ಕ ಮಾಡುವ ಒಂದೊಂದು ಕೋರ್ ಎರಡೆರಡಾಗಿ ಕಾಣುತ್ತದೆ. ತಲೆನೋವು ಶುರುವಾದದ್ದು ಒಂದೇ ಓಟವನ್ನು ಎಂಪಿಐನಲ್ಲಿ (ಕೋರ್‌ಗಳು ಸಂದೇಶ ಕಳಿಸಿಕೊಳ್ಳುತ್ತಾ ಒಂದೇ ಲೆಕ್ಕ ಹಂಚಿಕೊಳ್ಳುವ ವಿಧಾನ) ನಾಲ್ಕು ವಿಎಂಗಳಿಗೆ, ಅಂದರೆ ಬಾಡಿಗೆಯ ವರ್ಚುವಲ್ ಯಂತ್ರಗಳಿಗೆ, ಹಂಚಿದಾಗ. ಸಾಧಾರಣ ನೆಟ್‌ವರ್ಕಿನಲ್ಲಿ ಕೋರ್‌ಗಳು ಒಂದನ್ನೊಂದು ಕಾಯುತ್ತಾ ಕೂತವು. ಒಂದೇ ವಿಎಂನಲ್ಲಿ ಓಡಿಸಿದ್ದು ಬೇಗ ಮುಗಿಯಿತು.

ಮತ್ತೆ ಬಿಲ್ಲು. ಯಂತ್ರದ ಬಾಡಿಗೆ ಪರವಾಗಿಲ್ಲ. ಆದರೆ ಡೇಟಾ ಹೊರಗೆ ಇಳಿಸಲು ಜಿಬಿಗೆ ಒಂಬತ್ತು ರೂಪಾಯಿಯ ಹತ್ತಿರ ಬಿತ್ತು. ಟಿಬಿಗೆ ಒಂಬತ್ತು ಸಾವಿರ! ನಮ್ಮದು ಮೂರು ಟಿಬಿ ಇತ್ತು, ನೆನಪಿದ್ದ ಹಾಗೆ. "ಇದೆಂತ ಮಾರಾಯ್ರೆ, ನಮ್ಮದೇ ಡೇಟಾಕ್ಕೆ ನಾವೇ ದುಡ್ಡು ಕೊಡುವುದಾ?" ಅಂದರು ಅಕೌಂಟ್ಸ್‌ನವರು.

ಸ್ವಂತಕ್ಕೆ ಸೆಕೆಂಡ್ ಹ್ಯಾಂಡ್ ಸರ್ವರ್ ನಾಲ್ಕು, ಮೇಲೆ ಓಪನ್‌ಸ್ಟ್ಯಾಕ್ (ಸ್ವಂತ ಸರ್ವರ್‌ಗಳನ್ನು ಕ್ಲೌಡ್ ಮಾಡುವ ಉಚಿತ ಸಾಫ್ಟ್‌ವೇರ್). ಯುಪಿಎಸ್ ಸೇರಿ ಆರು ಲಕ್ಷದೊಳಗೆ ಆಯಿತು. ಹಳೆಯ ಆವೃತ್ತಿಗಳಲ್ಲಿ ಸುಮ್ನೆ ಬಿಟ್ಟರೆ ಅದರೊಳಗೆ ವಿಎಂಗಳನ್ನು ನಡೆಸುವ ನೋವಾ ಒಂದು ಕೋರನ್ನು 16 ವಿಸಿಪಿಯುಗಳಿಗೆ ಹಂಚುತ್ತದೆ. ವೆಬ್‌ಸೈಟಿಗೆ ಸರಿ, ಮಾಡೆಲ್‌ಗೆ ವಿಷ. ಅದನ್ನು 1ಕ್ಕೆ ಇಳಿಸಿ, ಪ್ರತಿ ವಿಸಿಪಿಯುವನ್ನು ಒಂದೇ ಕೋರಿಗೆ ಕಟ್ಟಿಹಾಕುವ ಸಿಪಿಯು ಪಿನ್ನಿಂಗ್ ಹಾಕಿದ ಮೇಲೆ ದಾರಿಗೆ ಬಂತು. ಡೇಟಾವನ್ನು ಎಲ್ಲ ಸರ್ವರ್‌ಗಳ ಡಿಸ್ಕಿಗೆ ಹಂಚಿಡುವ ಸೆಫ್ ಸುಮ್ನೆ ಬಿಟ್ಟರೆ ಮೂರು ಪ್ರತಿ ಇಡುವುದರಿಂದ 24 ಟಿಬಿ ಡಿಸ್ಕ್ ತಂದರೆ ಕೈಗೆ ಸಿಗುವುದು 8. ಇನ್ನು ಉಪ್ಪುಗಾಳಿ, ಗುಡುಗು, ಕರೆಂಟಿನ ಕಥೆ ಹೇಳಬೇಕಾ?

ಈಗ ನಾಲ್ಕೂ ಸರ್ವರ್ ಬೇಕಾಗುವ ದೊಡ್ಡ ಗ್ರಿಡ್ (ಲೆಕ್ಕಕ್ಕಾಗಿ ಸಮುದ್ರವನ್ನು ಚೌಕಗಳಾಗಿ ಹಂಚಿದ ಬಲೆ) ನಮ್ಮಲ್ಲೇ ಓಡುತ್ತದೆ. ಗಾಳಿ ಸ್ವಲ್ಪ ಬದಲಿಸಿ ನೂರಾರು ಸಲ ಓಡಿಸುವ ಸಣ್ಣ ಗ್ರಿಡ್‌ಗೆ ಬಾಡಿಗೆಯ ಸ್ಪಾಟ್ ಯಂತ್ರ, ಅಂದರೆ ಖಾಲಿ ಇದ್ದಾಗ ಅಗ್ಗಕ್ಕೆ ಕೊಡುವಂಥದ್ದು. ಓಟಕ್ಕೊಂದು ವಿಎಂ, ಎಂಪಿಐ ಅದರ ಹೊರಗೆ ಕಾಲಿಡುವುದಿಲ್ಲ. ಸ್ಪಾಟನ್ನು ಹೆಚ್ಚೆಂದರೆ ಎರಡು ನಿಮಿಷದ ನೋಟಿಸಿನಲ್ಲಿ ಕಿತ್ತುಕೊಳ್ಳುತ್ತಾರೆ, ಅಲ್ವಾ? ಅದಕ್ಕೇ ಇಡೀ ಅವಧಿಗೆ ಒಂದೇ ಕಂಪ್ಯೂಟ್ (ಲೆಕ್ಕ ಶುರು ಮಾಡುವ ಸ್ವಾನ್ ಆಜ್ಞೆ) ಕೊಡದೆ ತುಂಡು ಮಾಡಿ, ಪ್ರತಿ ತುಂಡು ಮುಗಿದ ಕೂಡಲೇ ಹಾಟ್‌ಫೈಲ್, ಅಂದರೆ ನಿಂತಲ್ಲಿಂದ ಮುಂದುವರಿಸಲು ಬೇಕಾದ ಫೈಲ್, ಬರೆಸಿದೆವು. ತುಂಡು ಎಷ್ಟುದ್ದ ಅಂತ ಮಾತ್ರ ಕೇಳಬೇಡಿ, ಪೇಪರ್ ಬರಲಿ! ಎಂಪಿಐಯಲ್ಲಿ ಹಾಟ್‌ಫೈಲ್ ಕೋರಿಗೊಂದರಂತೆ ಬರುತ್ತದೆ. ಮುಂದಿನ ಯಂತ್ರದ ಕೋರ್ ಸಂಖ್ಯೆ ಬೇರೆಯಾದರೆ ಮೊದಲು ಅವನ್ನು ಸ್ವಾನ್ ಜೊತೆಗೇ ಬರುವ ಎಚ್‌ಕ್ಯಾಟ್‌ನಲ್ಲಿ ಒಂದೇ ಫೈಲಾಗಿ ಜೋಡಿಸಿಕೊಳ್ಳಿ. ತೀರದ ಬಿಂದುಗಳ ಅಲೆಯ ಎತ್ತರ, ಅವಧಿ, ದಿಕ್ಕು ಅಷ್ಟನ್ನೇ ಅಲ್ಲೇ ಹೆಕ್ಕಿ ಇಳಿಸುತ್ತೇವೆ. ಟಿಬಿಗಳಿದ್ದದ್ದು ಜಿಬಿಗಳಿಗೆ ಬಂತು. ಬಿಲ್ಲು ಹೆಚ್ಚುಕಡಿಮೆ ಕಾಲು ಭಾಗ.

ನಡುವೆ ಏಆರ್‌ಎಂ ಯಂತ್ರದಲ್ಲೂ (ಇಂಟೆಲ್‌ಗಿಂತ ಬೇರೆ ಜಾತಿಯ ಪ್ರೊಸೆಸರ್) ಜಿಫೋರ್ಟ್ರಾನ್ ಕಂಪೈಲರ್ ಹಾಕಿ ಸ್ವಾನ್ ನೋಡಿದೆ. ತಕರಾರಿಲ್ಲದೆ ಕಂಪೈಲ್ ಆಯಿತು, ಬಾಡಿಗೆಯೂ ಕಡಿಮೆ. ಕೊನೆಯ ದಶಮಾಂಶಗಳು ಇಂಟೆಲ್‌ನ ಜೊತೆ ತಾಳೆಯಾಗಲಿಲ್ಲ. ಹಾಗಾಗಿ ಒಂದೇ ಪೇಪರಿನೊಳಗೆ ಎರಡನ್ನೂ ಬೆರೆಸುತ್ತಿಲ್ಲ.