ಬಾಯಿಮಾತಲ್ಲಿ ಒಪ್ಪಿದ ಕೆಲಸದ ದುಡ್ಡು ಬಂದಿಲ್ವಾ? ವಸೂಲಿ ಮಾಡುವುದು ಹೀಗೆ

ಪೇಂಟಿಂಗ್ ಮುಗಿಸಿ ಏಣಿ ಇಳಿಸಿದ್ದಾಯಿತು. ಬಾಕಿ ಮಾತ್ರ "ಮುಂದಿನ ವಾರ, ಮುಂದಿನ ವಾರ" ಅಂತ ತಿಂಗಳುಗಟ್ಟಲೆ ಎಳೆಯುತ್ತಿದೆ. ಅಗ್ರಿಮೆಂಟೇ ಇಲ್ವಲ್ಲ ಅಂತ ಸುಮಾರು ಜನ ಸುಮ್ನೆ ಕೈಬಿಡುತ್ತಾರೆ. ಬಿಡಬೇಡಿ. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಬಾಯಿಮಾತಿನ ಒಪ್ಪಂದಕ್ಕೂ ಬೆಲೆ ಇದೆ. ದರ ಮಾತಾಡಿಕೊಳ್ಳದೆ ಕೆಲಸ ಮಾಡಿಸಿಕೊಂಡಿದ್ದರೂ, ನೀವು ಪುಕ್ಕಟೆ ಮಾಡಿದ್ದಲ್ಲವಾದರೆ, ಅದೇ ಕಾಯ್ದೆಯ 70ನೇ ಸೆಕ್ಷನ್ ಹಿಡಿದು ನ್ಯಾಯವಾದ ಮಜೂರಿ ಕೇಳಬಹುದು. ಕಷ್ಟ ಇರುವುದು ಸಾಕ್ಷಿ ತೋರಿಸುವುದರಲ್ಲಿ.

1. ಲೆಕ್ಕ ಬರೆದಿಡಿ. ಯಾವ ಕೆಲಸ, ಯಾವಾಗ ಮುಗಿಯಿತು, ಎಷ್ಟು ಬಂತು, ಎಷ್ಟು ಬಾಕಿ. ಒಂದು ಹಾಳೆ ಸಾಕು.

2. ಬಾಕಿಯನ್ನು ಅವರ ಬಾಯಲ್ಲೇ, ಅಂದರೆ ಅವರ ಮೆಸೇಜಲ್ಲೇ ಒಪ್ಪಿಸಿ. ಎಲ್ಲರೂ ಎಡವುವುದು ಇಲ್ಲೇ. ಸಿಟ್ಟಲ್ಲಿ "ಮನೆ ಮುಂದೆ ಬಂದು ಕೂರ್ತೀನಿ" ಅಂತ ವಾಯ್ಸ್ ಮೆಸೇಜ್ ಕಳಿಸುತ್ತಾರೆ, ಆಮೇಲೆ ಅದೇ ಮೆಸೇಜ್ ಇವರ ಮೇಲೆ ದೂರು ಕೊಡಲು ಸಿಗುತ್ತದೆ. ಬದಲಿಗೆ ಹೀಗೆ ಬರೆಯಿರಿ: "ಸರ್, ನಿಮ್ಮ ಮನೆ ಒಳಗಿನ ಪೇಂಟಿಂಗ್ ಮಾರ್ಚ್ 12ಕ್ಕೆ ಮುಗಿಯಿತು. ಒಪ್ಪಿದ್ದು 64,000. ಅಡ್ವಾನ್ಸ್ 20,000 ಬಂದಿದೆ. ಉಳಿದ 44,000 ಯಾವತ್ತು ಹಾಕ್ತೀರಿ?" ಕೊಡ್ತೀರಾ ಅಂತ ಕೇಳಬೇಡಿ, ಯಾವತ್ತು ಅಂತ ಕೇಳಿ. "20ನೇ ತಾರೀಖು ಹಾಕ್ತೀನಿ" ಅಂತ ಉತ್ತರ ಬಂದರೆ ಕೆಲಸವನ್ನೂ ಮೊತ್ತವನ್ನೂ ಒಪ್ಪಿದಂತಾಯಿತು.

ದುಡ್ಡು ಕೊಡಬೇಕಾದವರಲ್ಲಿ ಬುದ್ಧಿವಂತರು ಉತ್ತರ ಬರೆಯುವುದಿಲ್ಲ, ಫೋನ್ ಮಾಡುತ್ತಾರೆ. ಮಾತಾಡಿ, ಇಟ್ಟ ತಕ್ಷಣ "ಈಗ ಫೋನಲ್ಲಿ ಹೇಳಿದ ಹಾಗೆ 20ಕ್ಕೆ 44,000 ಅಂತ ಬರೆದುಕೊಂಡಿದ್ದೇನೆ" ಅಂತ ಕಳಿಸಿ. ಬರೀ ನೀಲಿ ಟಿಕ್ ಬಂದರೆ ಒಪ್ಪಿಗೆ ಅಲ್ಲ, ಆದರೂ ಇರಲಿ. "ಕೆಲಸ ಸರಿ ಇಲ್ಲ" ಅಂದರೆ ಯಾವ ಗೋಡೆ, ಏನು ತೊಂದರೆ, ಫೋಟೊ ಹಾಕಿ ಅನ್ನಿ. 30,000 ಹಾಕಿ "ಫುಲ್ ಸೆಟ್ಲ್‌ಮೆಂಟ್" ಅಂತ ಬರೆದರೆ ಅವತ್ತೇ "30,000 ಬಂತು, 14,000 ಬಾಕಿ" ಅಂತ ಉತ್ತರಿಸಿ. ಸುಮ್ಮನಿದ್ದರೆ ಆ 14,000ಕ್ಕೆ ಎಳ್ಳುನೀರು ಬಿಟ್ಟಂತೆ.

3. ಸಾಕ್ಷಿ ಜೋಪಾನ ಮಾಡಿ. ಕತ್ತರಿಸಿದ ಸ್ಕ್ರೀನ್‌ಶಾಟ್ ನಂಬಿ ಕೂರಬೇಡಿ. ಪೂರ್ತಿ ಚಾಟ್ ಎಕ್ಸ್‌ಪೋರ್ಟ್ ಮಾಡಿ, ಅಡ್ವಾನ್ಸ್ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದಿಡಿ, ಆ ಫೋನ್ ಮಾರಬೇಡಿ. ಕೋರ್ಟಿಗೆ ಹೋದರೆ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಮಾಣಪತ್ರ, ಅಂದರೆ ಚಾಟ್‌ನಂಥ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರ ಬೇಕಾಗುತ್ತದೆ, ವಕೀಲರು ಮಾಡಿಸುತ್ತಾರೆ. ಹಳೇ ತಾರೀಖಿನ ಛಾಪಾಕಾಗದ ತಂದು ಈಗ ಅಗ್ರಿಮೆಂಟ್ ಬರೆಯುವ ಐಡಿಯಾ ಯಾರಾದರೂ ಕೊಟ್ಟರೆ ಅವರ ಸಹವಾಸವನ್ನೇ ಬಿಡಿ. ನಿಜವಾದ ಬಾಕಿಗೆ ಸುಳ್ಳು ಕಾಗದ ಸೇರಿಸಿ ನೀವೇ ಸಿಕ್ಕಿಬೀಳುತ್ತೀರಿ.

4. ಬಾಕಿ ಕೊಡಿ ಅಂತ ನೋಟಿಸ್ ಕಳಿಸಿ. ಅಂಚೆಯಲ್ಲೇ, ತಲುಪಿದ ದಾಖಲೆ ಸಿಗುವ ಹಾಗೆ. ಆನ್‌ಲೈನಲ್ಲಿ ಸಿಗುವ ರೆಡಿಮೇಡ್ ನಮೂನೆ ದಂಡ. ಅದರಲ್ಲಿ ಸಾಲ, ಚೆಕ್ ಬೌನ್ಸ್ ಅಂತ ನಿಮಗೆ ಸಂಬಂಧವೇ ಇಲ್ಲದ ಸಾಲುಗಳಿರುತ್ತವೆ. ಕೊಡಬೇಕಾದವರು ನೋಟಿಸಿಗೆ ಹೆದರಿ ಚೆಕ್ ಕೊಟ್ಟರೆ ತಗೊಳ್ಳಿ, 3 ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಸಿಕ್ಕ 30 ದಿನದೊಳಗೆ ಬೇರೆ ನೋಟಿಸ್ ಹೋಗಲೇಬೇಕು.

5. ಪೊಲೀಸ್ ಸ್ಟೇಷನ್‌ಗೆ ಓಡಬೇಡಿ, "ಸಿವಿಲ್ ಮ್ಯಾಟರ್" ಅಂತ ವಾಪಸ್ ಕಳಿಸುವುದೇ ಜಾಸ್ತಿ. ತಿಂಗಳ ಸಂಬಳದ ಕೆಲಸವಾದರೆ ಕಾರ್ಮಿಕ ಇಲಾಖೆಗೆ ಹೋಗಿ. ಗುತ್ತಿಗೆ ಕೆಲಸಕ್ಕೆ, ನನ್ನನ್ನು ಕೇಳಿದರೆ, ದಾವೆಗಿಂತ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿ. ದಾರಿ ಕೇಳಲು ಕಾನೂನು ನೆರವಿನ ಸಹಾಯವಾಣಿ 15100 ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಆದರೆ ಅಲ್ಲಿ ರಾಜಿ ಆಗಬಹುದು ಅಂತ ಕಾಯುತ್ತಾ ವರ್ಷ ಕಳೆಯಬೇಡಿ. ಕೆಲಸ ಮುಗಿದು 3 ವರ್ಷ ದಾಟುವ ಮೊದಲು ದಾವೆ ಹೂಡಬೇಕು, ಫೋನಲ್ಲಿ ಕೊಟ್ಟ ಭರವಸೆಗೆಲ್ಲ ಆ ಗಡುವು ಮುಂದೆ ಹೋಗುವುದಿಲ್ಲ.

ಕಾನೂನು ಸೇವಾ ಸಮಿತಿ ನಡೆಸುವ ಲೋಕ್ ಅದಾಲತ್‌ನಲ್ಲಿ (ರಾಜಿ ಮಾಡಿಸುವ ಅದಾಲತ್) ರಾಜಿಯಾದರೆ ಅದು ಕೋರ್ಟಿನ ಡಿಕ್ರಿಗೆ, ಅಂದರೆ ತೀರ್ಪಿನ ಆದೇಶಕ್ಕೆ ಸಮ, ಅಪೀಲೂ ಇಲ್ಲ. ಹಾಗಾಗಿ ಸಹಿ ಹಾಕುವ ಮೊದಲು ಪ್ರತಿ ಕಂತಿನ ತಾರೀಖು ಬರೆಸಿ, ಒಂದು ಕಂತು ತಪ್ಪಿದರೂ ಉಳಿದದ್ದೆಲ್ಲ ಒಂದೇ ಸಲ ಕೊಡಬೇಕು ಎಂಬ ಸಾಲನ್ನೂ ಸೇರಿಸಿ.