ಫುಝಿ ಬೆಂದಾಗ ವಿಷ ಎಲ್ಲಿಗೆ ಹೋಗುತ್ತೆ?

ಚೀನಾದ ಚೆಂಗ್ಡುವಿನ ಒಂದು ಲ್ಯಾಬ್‌ಗೆ ಸಂಶೋಧನೆಗೆಂದು ಸೇರಿದಾಗ ನನಗೆ ಸಿಕ್ಕ ಕೆಲಸ ಫುಝಿ. ಅಕೋನೈಟಮ್ ಕಾರ್ಮೈಕೇಲಿ ಗಿಡದ ತಾಯಿ ಬೇರಿನ ಪಕ್ಕದಲ್ಲಿ ಮೂಡುವ ಗೆಡ್ಡೆ ಇದು. ನಮ್ಮ ಆಯುರ್ವೇದದ ವತ್ಸನಾಭಿಗೆ ಹತ್ತಿರದ ನೆಂಟ. ಇದರಲ್ಲಿರುವ ಅಕೋನಿಟೀನ್ ಎಂಬ ವಿಷ ಕೆಲವೇ ಮಿಲಿಗ್ರಾಂ ಹೊಟ್ಟೆಗೆ ಹೋದರೂ ಹೃದಯದ ಬಡಿತ ತಾಳ ತಪ್ಪಿ ಜೀವ ಹೋಗಬಹುದು. ಅದೇ ಗೆಡ್ಡೆಯನ್ನು ಬೇಯಿಸಿ ಚೀನಾದ ವೈದ್ಯರು ಔಷಧಿಯಾಗಿ ಕೊಡುತ್ತಾರೆ.

ಅಕೋನಿಟೀನ್ ಅಣುವಿನಲ್ಲಿ ಎರಡು ಎಸ್ಟರ್ ಕೊಂಡಿಗಳಿವೆ, ಅಂದರೆ ನೀರಿನಲ್ಲಿ ಬಿಸಿ ಮಾಡಿದರೆ ಮುರಿಯುವಂಥ ಜೋಡಣೆಗಳು. ನೀರಲ್ಲಿ ಕುದಿಸಿದರೆ ಮೊದಲು ಅಸಿಟೈಲ್ ತುಂಡು ಕಳಚುತ್ತದೆ. ಉಳಿಯುವುದು ಬೆಂಜಾಯ್ಲ್‌ಅಕೋನೀನ್. ಇನ್ನೂ ಕುದಿಸಿದರೆ ಬೆಂಜಾಯ್ಲ್ ಕೂಡ ಹೋಗಿ ಬರೀ ಅಕೋನೀನ್ ಆಗುತ್ತದೆ. ಒಂದೊಂದು ಮೆಟ್ಟಿಲಿಗೂ ವಿಷ ಬಹಳ ಇಳಿಯುತ್ತದೆ. ಗೆಡ್ಡೆಯಲ್ಲಿ ಜೊತೆಗಿರುವ ಅದೇ ಗುಂಪಿನ ವಿಷಗಳಾದ ಮೆಸಕೋನಿಟೀನ್, ಹೈಪಕೋನಿಟೀನ್‌ಗಳ ಕಥೆಯೂ ಇಷ್ಟೇ.

ನನಗೆ ಕಷ್ಟ ಅನ್ನಿಸಿದ್ದು ಬೇಯಿಸುವುದಲ್ಲ, ಅಳೆಯುವುದು. ಪುಡಿಯಿಂದ ಸಾರ ತೆಗೆಯುವಾಗಲೇ ಬಿಸಿಯಾದರೆ ಅಲ್ಲೇ ಎಸ್ಟರ್ ಮುರಿಯುತ್ತೆ. ಆಗ ಹಸಿ ಗೆಡ್ಡೆಯೂ ಬೆಂದದ್ದರ ಹಾಗೆ ಕಾಣುತ್ತದೆ! ಹಾಗಾಗಿ ಶಬ್ದದ ಅಲೆಗಳಿಂದ ಸಾರ ಬಿಡಿಸುವ ಅಲ್ಟ್ರಾಸೋನಿಕ್ ತೊಟ್ಟಿಯ ನೀರು 25 ಡಿಗ್ರಿ ದಾಟದಂತೆ ಐಸ್ ಹಾಕುತ್ತಾ ಕೂರುತ್ತಿದ್ದೆ. ದ್ರಾವಕವನ್ನು ಆವಿ ಮಾಡಿ ತೆಗೆಯುವುದೂ 40 ಡಿಗ್ರಿಯ ಒಳಗೇ, ಒತ್ತಡ ತಗ್ಗಿಸಿ. ಆಮೇಲೆ ಎಚ್‌ಪಿಎಲ್‌ಸಿ, ಅಂದರೆ ಸಾರದಲ್ಲಿರುವ ಒಂದೊಂದು ವಸ್ತುವನ್ನೂ ಬೇರ್ಪಡಿಸಿ ಅಳೆಯುವ ಯಂತ್ರ. ಗ್ರಾಫಿನಲ್ಲಿ ಅಕೋನಿಟೀನ್ ಗುಂಪಿನ ಶಿಖರಗಳು ಕುಸಿದಂತೆಲ್ಲ ಬೆಂಜಾಯ್ಲ್ ಗುಂಪಿನವು ಏಳುತ್ತಿದ್ದವು.

ಫುಝಿಗೆ ಹೆಸರಾದ ಊರು ಸಿಚುವಾನ್‌ನ ಜಿಯಾಂಗ್‌ಯೌ. ಗೆಡ್ಡೆ ಕೀಳುವುದು ಬೇಸಿಗೆಯಲ್ಲಿ. ಆ ಸೆಕೆಗೆ ಬೇಗ ಕೊಳೆಯುತ್ತದೆ ಅಂತ ಉಪ್ಪು ತಯಾರಿಸುವಾಗ ಉಳಿಯುವ ಕಹಿ ನೀರಿನಲ್ಲಿ ದಿನಗಟ್ಟಲೆ ನೆನೆಸುತ್ತಾರೆ. ಅದರಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಜಾಸ್ತಿ. ಬೇಯಿಸಿದ ಮೇಲೆ ಆ ಉಪ್ಪು ಹೋಗಬೇಕಲ್ಲ? ಅದಕ್ಕೆ ತೊಳೆಯೋದು, ಮತ್ತೆ ನೆನೆಸೋದು, ಮತ್ತೆ ತೊಳೆಯೋದು. ಕಪ್ಪು ಹೋಳು ಬೇಕಾದರೆ ಬಣ್ಣ ಹಾಕಿ, ಎಣ್ಣೆಯ ಹೊಳಪು ಬರುವ ತನಕ ಹಬೆಯಲ್ಲಿ ಬೇಯಿಸುತ್ತಾರೆ.

ಈ ತೊಳೆಯುವುದರ ಬಗ್ಗೆಯೇ ನನ್ನ ತಕರಾರು. ಚೆಲ್ಲುವ ನೀರನ್ನೂ ಪರೀಕ್ಷಿಸಿದೆ. ವಿಷದ ಜೊತೆ ಬೇಕಾದ ಆಲ್ಕಲಾಯ್ಡ್‌ಗಳೂ, ಅಂದರೆ ಗಿಡದ ಔಷಧೀಯ ಸಾರಗಳೂ, ಅದರಲ್ಲೇ ಹೋಗುತ್ತಿದ್ದವು. ಹೃದಯಕ್ಕೆ ಬಲ ಕೊಡುವ ಹೈಜಿನಮೀನ್ ಕೂಡ ನೀರಿನಲ್ಲಿ ಕರಗುವಂಥದ್ದೇ. ಅಂದರೆ ವಿಷ ಇಳಿಯಲು ಎರಡು ದಾರಿ. ಒಂದು, ಅಣು ಬದಲಾಗುವುದು. ಇನ್ನೊಂದು, ಸುಮ್ನೆ ತೊಳೆದುಹೋಗುವುದು. ವರದಿಯಲ್ಲಿ ಅಕೋನಿಟೀನ್ ಅಂಕಿ ಒಂದನ್ನೇ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಹಸಿ ಗೆಡ್ಡೆಯನ್ನು ನೆನೆಸದೆ ನೇರವಾಗಿ ಹಬೆಯಲ್ಲಿ ಬೇಯಿಸುವುದೇ ವಾಸಿ ಅನ್ನೋದು ನನ್ನ ಅಭಿಪ್ರಾಯ. ಅಲ್ಲಿ ಅಣು ಬದಲಾಗುತ್ತದೆ, ಸೋರಿಹೋಗುವುದು ಕಡಿಮೆ.

ಹಳಬರು ಬೆಂದಿದೆಯೋ ಇಲ್ಲವೋ ಅಂತ ನೋಡುವುದು ನಾಲಿಗೆಯಿಂದ. ಹೋಳು ಕಚ್ಚಿದಾಗ ನಾಲಿಗೆ ಜುಮ್ಮೆನ್ನಬಾರದು, ಜುಮ್ಮೆಂದರೂ ತೀರಾ ಸ್ವಲ್ಪ. ನರಗಳಲ್ಲಿ ಸೋಡಿಯಂ ಒಳಬರುವ ಬಾಗಿಲುಗಳನ್ನು ಅಕೋನಿಟೀನ್ ಮುಚ್ಚಲು ಬಿಡುವುದಿಲ್ಲ, ಜುಮ್ಮೆನ್ನುವುದು ಅದಕ್ಕೇ. ಪರೀಕ್ಷೆ ಒರಟಾದರೂ ಸರಿಯಾದ ಅಣುವನ್ನೇ ಹಿಡಿಯುತ್ತೆ, ಅಲ್ವಾ? ನಾನಂತೂ ಕಚ್ಚಿ ನೋಡಲಿಲ್ಲ. ನೀವೂ ನೋಡಬೇಡಿ.

ನಮ್ಮಲ್ಲಿ ವತ್ಸನಾಭಿಯನ್ನು ಗೋಮೂತ್ರದಲ್ಲೋ ಹಾಲಿನಲ್ಲೋ ಶೋಧನೆ, ಅಂದರೆ ವಿಷ ಇಳಿಸಿ ಶುದ್ಧಿ, ಮಾಡುತ್ತಾರೆ. ಕ್ಷಾರದಲ್ಲಿ ಎಸ್ಟರ್ ಬೇಗ ಮುರಿಯುತ್ತದೆ. ಗೋಮೂತ್ರ ಸಾಮಾನ್ಯವಾಗಿ ಸ್ವಲ್ಪ ಕ್ಷಾರವೇ. ಅಲ್ಲೂ ಹೊರಚೆಲ್ಲುವ ದ್ರವವನ್ನು ಅಳೆದು ನೋಡಬೇಕು.

ಇಷ್ಟಾದ ಮೇಲೂ ಚೀನಾದ ವೈದ್ಯರು ಫುಝಿಯನ್ನು ಕಷಾಯಕ್ಕೆ ಮಿಕ್ಕ ಬೇರುಗಳ ಜೊತೆ ಹಾಕಿಸುವುದಿಲ್ಲ. ಅದೊಂದನ್ನೇ ಮೊದಲು ಅರ್ಧ ಗಂಟೆಯಿಂದ ಒಂದು ಗಂಟೆ ಕುದಿಸಿ, ಆಮೇಲೆ ಉಳಿದದ್ದು ಹಾಕಿ ಅಂತ ಹೇಳುತ್ತಾರೆ. ಕೊನೆಯ ಎಸ್ಟರ್ ಮುರಿಯುವುದು ರೋಗಿಯ ಮನೆಯ ಒಲೆಯ ಮೇಲೇ.